ಗಣಿತ್ಯಾಜ್ಯ, ಮಣ್ಣು ಮತ್ತು ಬೆಳೆ: ಕೋಲಾರದ ದಿಬ್ಬಗಳು ಕಲಿಸುವ ಪಾಠ

ಕರ್ನಾಟಕದ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ (ಕೆ.ಜಿ.ಎಫ್.) ಹೋದವರ ಕಣ್ಣಿಗೆ ಮೊದಲು ಬೀಳುವುದು ಅಲ್ಲಿನ ಎತ್ತರವಾದ ಬೋಳು ದಿಬ್ಬಗಳು. ಇವು ಪ್ರಕೃತಿ ನಿರ್ಮಿತವಾದ ಗುಡ್ಡಗಳಲ್ಲ. 1880ರ ಸುಮಾರಿಗೆ ಆಧುನಿಕ ರೀತಿಯಲ್ಲಿ ಆರಂಭಗೊಂಡು 2001ರ ಫೆಬ್ರವರಿ 28ರಂದು ಸ್ಥಗಿತಗೊಂಡ ಗಣಿಗಾರಿಕೆಯ ಅವಶೇಷಗಳು. ಈ ಅವಧಿಯಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ದೊರೆಯಿತು. ಆದರೆ ಒಂದು ಟನ್ ಅದಿರಿನಲ್ಲಿದ್ದುದು ಕೆಲವೇ ಗ್ರಾಂಗಳಷ್ಟು ಚಿನ್ನ. ಉಳಿದುದೆಲ್ಲ ನುಣ್ಣನೆಯ ಪುಡಿಯಾಗಿ ಹೊರಬಿದ್ದಿತು. ಈಗ 13 ದಿಬ್ಬಗಳಲ್ಲಿ ಇಂತಹ ಪುಡಿ ಸುಮಾರು 3.3 ಕೋಟಿ ಟನ್ನುಗಳಷ್ಟಿದೆ.

ಹೆಸರೊಂದು, ಅಪಾಯ ಮತ್ತೊಂದು

ಅದಿರಿನಿಂದ ಚಿನ್ನವನ್ನು ಬೇರ್ಪಡಿಸಲು ಸೈನೈಡ್ ದ್ರಾವಣವನ್ನು ಬಳಸುತ್ತಿದ್ದುದರಿಂದ ಜನರು ಇವನ್ನು ‘ಸೈನೈಡ್ ದಿಬ್ಬ’ಗಳೆಂದೇ ಕರೆಯುತ್ತಾರೆ. ಸೈನೈಡ್ ಘೋರ ವಿಷವೆಂಬುದು ನಿಜ. ಆದರೆ ಅದರ ಬಹುಪಾಲು ಬಿಸಿಲು, ಗಾಳಿ ಹಾಗೂ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಕಾಲಕ್ರಮದಲ್ಲಿ ವಿಭಜನೆ ಹೊಂದುತ್ತದೆ. ಲೋಹಗಳ ಸ್ವಭಾವ ಹಾಗಲ್ಲ, ಅವುಗಳಿಗೆ ನಾಶವೆಂಬುದಿಲ್ಲ. ಕೋಲಾರದ ಅದಿರಿನಲ್ಲಿ ಚಿನ್ನದ ಜೊತೆಗೆ ಕಬ್ಬಿಣ, ತಾಮ್ರ, ಸೀಸ ಮತ್ತು ಆರ್ಸೆನಿಕ್ ಸೇರಿರುವ ಗಂಧಕಯುಕ್ತ ಖನಿಜಗಳೂ ಇವೆ. ನೆಲದಾಳದ ಬಂಡೆಯಲ್ಲಿ ಅಡಗಿದ್ದಾಗ ಇವು ನಿರುಪದ್ರವಿಗಳು. ಪುಡಿಯಾಗಿ ಗಾಳಿ ಮತ್ತು ನೀರಿಗೆ ತೆರೆದುಕೊಂಡಾಗ ಗಂಧಕವು ಆಮ್ಲವಾಗಿ ಮಾರ್ಪಡುತ್ತದೆ. ಆ ಆಮ್ಲವು ಲೋಹಗಳನ್ನು ಕರಗಿಸಿ ಹೊರಬಿಡುತ್ತದೆ. ಆದಕಾರಣ, ಗಣಿ ಮುಚ್ಚಿದೊಡನೆ ಅಪಾಯವೂ ಮುಗಿಯಿತೆಂದು ಭಾವಿಸಲಾಗದು.

ಮಣ್ಣಿನಿಂದ ಸಸ್ಯಕ್ಕೆ

ಬೇಸಗೆಯ ಗಾಳಿ ಈ ಪುಡಿಯನ್ನು ಮನೆಗಳ ಮೇಲೂ ಹೊಲಗಳ ಮೇಲೂ ಚೆಲ್ಲುತ್ತದೆ. ಮಳೆ ಅದನ್ನು ಕೊಚ್ಚಿ ತಗ್ಗಿನ ನೆಲಕ್ಕೂ ಹಳ್ಳಗಳಿಗೂ ಒಯ್ಯುತ್ತದೆ. ಸಸ್ಯಗಳು ಎಲ್ಲ ಲೋಹಗಳನ್ನೂ ಒಂದೇ ಬಗೆಯಲ್ಲಿ ಸ್ವೀಕರಿಸುವುದಿಲ್ಲ. ಸೀಸವು ಹೆಚ್ಚಾಗಿ ಬೇರಿನಲ್ಲೇ ಉಳಿಯುತ್ತದೆ, ಇಲ್ಲವೇ ಧೂಳಿನ ರೂಪದಲ್ಲಿ ಎಲೆಗೆ ಅಂಟಿಕೊಳ್ಳುತ್ತದೆ. ಕ್ಯಾಡ್ಮಿಯಂ ಸುಲಭವಾಗಿ ಎಲೆಯವರೆಗೆ ಏರುತ್ತದೆ. ಆರ್ಸೆನಿಕ್ ರಂಜಕವನ್ನು ಹೋಲುವುದರಿಂದ ಬೇರುಗಳು ಅದನ್ನು ಪೋಷಕಾಂಶವೆಂಬಂತೆ ಹೀರಿಕೊಳ್ಳುತ್ತವೆ. ಸಾಮಾನ್ಯವಾಗಿ ಸೊಪ್ಪು ಮತ್ತು ಗೆಡ್ಡೆಗಳಲ್ಲಿ ಲೋಹಗಳ ಅಂಶ ಹೆಚ್ಚು, ಹಣ್ಣು ಮತ್ತು ಕಾಯಿಗಳಲ್ಲಿ ಕಡಿಮೆ. ಗಿಡವು ಹಸಿರಾಗಿ ಹುಲುಸಾಗಿ ಕಂಡ ಮಾತ್ರಕ್ಕೆ ಅದು ಶುದ್ಧವೆಂದು ತಿಳಿಯುವಂತಿಲ್ಲ.

ವಹಿಸಬೇಕಾದ ಎಚ್ಚರ

ದಿಬ್ಬಗಳ ಸಮೀಪದಲ್ಲಿ ಕೃಷಿ ಮಾಡುವವರು ಮೊದಲು ಮಣ್ಣನ್ನು ಪರೀಕ್ಷೆ ಮಾಡಿಸಬೇಕು. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ವಿವರ ದೊರೆಯುತ್ತದೆಯೇ ಹೊರತು ಸೀಸ, ಆರ್ಸೆನಿಕ್‌ಗಳ ವಿವರ ದೊರೆಯುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಆಮ್ಲೀಯ ಮಣ್ಣಿಗೆ ಸುಣ್ಣ ಬೆರೆಸಿದರೆ ಸೀಸ ಮತ್ತು ಕ್ಯಾಡ್ಮಿಯಂ ಗಿಡಕ್ಕೆ ಸೇರುವುದು ಕಡಿಮೆಯಾಗುತ್ತದೆ. ಆದರೆ ಸುಣ್ಣ ಅತಿಯಾದರೆ ಆರ್ಸೆನಿಕ್ ಸಡಿಲಗೊಳ್ಳಬಹುದು. ಆದ್ದರಿಂದ ಪರೀಕ್ಷೆಯಿಲ್ಲದೆ ಚಿಕಿತ್ಸೆ ಸಲ್ಲದು. ಸೊಪ್ಪು ತರಕಾರಿಗಳನ್ನು ಚೆನ್ನಾಗಿ ತೊಳೆದರೆ ಧೂಳು ಹೋಗುತ್ತದೆ; ಬೇರಿನ ಮೂಲಕ ಒಳಸೇರಿದುದು ಹೋಗುವುದಿಲ್ಲ. ದಿಬ್ಬದ ಪುಡಿಯನ್ನು ಮರಳಿನಂತೆ ಮನೆಗೆ ತರುವುದು, ಅದರ ಮೇಲೆ ಮಕ್ಕಳನ್ನು ಆಡಬಿಡುವುದು, ಅಲ್ಲಿ ಬೆಳೆದ ಹುಲ್ಲನ್ನು ದನಕರುಗಳಿಗೆ ಮೇಯಿಸುವುದು ಕೂಡದು. ಲಾವಂಚದಂತಹ ಆಳವಾದ ಬೇರಿನ ಹುಲ್ಲನ್ನು ನೆಟ್ಟು ದಿಬ್ಬಗಳನ್ನು ಹೊದಿಸಿದರೆ ಪುಡಿ ಹಾರುವುದೂ ಕೊಚ್ಚಿಹೋಗುವುದೂ ಕಡಿಮೆಯಾಗುತ್ತದೆ. ಆದರೆ ಆ ಹುಲ್ಲು ಮೇವಿಗಲ್ಲ.

ಉಳಿಕೆ ಚಿನ್ನಕ್ಕಾಗಿ ಈ 13 ದಿಬ್ಬಗಳನ್ನು ಮರಳಿ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು 2024ರ ಜೂನ್‌ನಲ್ಲಿ ಸಮ್ಮತಿ ನೀಡಿತು. ಟನ್ನಿಗೆ ಒಂದು ಗ್ರಾಂಗೂ ಕಡಿಮೆಯೇ ಆಗಲಿ, ಕೆಲವು ಗ್ರಾಂಗಳೇ ಆಗಲಿ, ಚಿನ್ನವನ್ನು ತೆಗೆದ ಮೇಲೂ ಪುಡಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಚಿನ್ನದ ಲೆಕ್ಕದೊಡನೆ ಆ ಪುಡಿ ಎಲ್ಲಿ, ಹೇಗೆ ನೆಲೆಗೊಳ್ಳುವುದೆಂಬ ಲೆಕ್ಕವೂ ಇರಬೇಕಾದುದು ಸುತ್ತಲಿನ ಮಣ್ಣಿನ ಮತ್ತು ಅದನ್ನು ನಂಬಿದ ಜನರ ಹಿತದೃಷ್ಟಿಯಿಂದ ಅತ್ಯಗತ್ಯ.