ಸಾರುವೆ ಬಿಚ್ಚಿದ್ದು ಯಾರೇ ಆಗಲಿ

ಚಿಕ್ಕನಾಯಕನಹಳ್ಳಿ ಬಳಿ ಕೊಬ್ಬರಿ ಗೋದಾಮು ಕಟ್ಟುತ್ತಿರುವ ಮುಖ್ಯ ಗುತ್ತಿಗೆದಾರರೊಬ್ಬರ ಪ್ರಶ್ನೆ: ಸೆಂಟ್ರಿಂಗ್, ಕಂಬಿ, ವೈರಿಂಗ್ ಮೂರೂ ಬೇರೆಯವರಿಗೆ ಒಳಗುತ್ತಿಗೆ. ವೈರಿಂಗ್‌ನವರು ಸಾರುವೆಯ ಹಲಗೆ ತೆಗೆದಿದ್ದರು. ಕಂಬಿ ಕೆಲಸದ ಹುಡುಗ ಬಿದ್ದು ಕಾಲು ಮುರಿದುಕೊಂಡ. ‘ಅವನು ನನ್ನ ಆಳಲ್ಲ, ಹೊಣೆ ಯಾರದು?’

ನಿಮ್ಮದೂ ಹೌದು. ಒಳಗುತ್ತಿಗೆ ಕೊಟ್ಟ ಮಾತ್ರಕ್ಕೆ ಹೊಣೆ ಕಳಚುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ, ಆವರಣದಲ್ಲಿರುವ ಎಲ್ಲರ ಸುರಕ್ಷತೆಯ ಹೊಣೆಯನ್ನೂ ಕೆಲಸ ನಡೆಸುವವರ ಮೇಲೆ ಹೊರಿಸುತ್ತದೆ. ಪರಿಹಾರವನ್ನು ಹುಡುಗ ನಿಮ್ಮಿಂದಲೇ ಕೇಳಬಹುದು. ಕೊಟ್ಟದ್ದನ್ನು ನೀವು ಅವನ ಮೇಸ್ತ್ರಿಯಿಂದ ವಸೂಲಿ ಮಾಡಬಹುದು.

ಮೊದಲು ಚಿಕಿತ್ಸೆಯ ಖರ್ಚು ನೋಡಿಕೊಳ್ಳಿ. ಜಾಗದ ಫೋಟೊ, ಹಾಜರಿ ಪುಸ್ತಕ, ಒಳಗುತ್ತಿಗೆ ಕರಾರು ತೆಗೆದಿಡಿ. ಕಾರ್ಮಿಕ ನಿರೀಕ್ಷಕರಿಗೂ ವಿಮೆ ಕಂಪನಿಗೂ ಬರಹದಲ್ಲಿ ತಿಳಿಸಿ. ಒಂದಿಷ್ಟು ದುಡ್ಡು ಕೊಟ್ಟು ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ರಾಜಿ ಖಂಡಿತ ಬೇಡ. ಅದು ಆ ಹುಡುಗನಿಗೆ ಮಾಡುವ ಅನ್ಯಾಯ, ನಿಮಗೂ ರಕ್ಷಣೆಯಾಗದು.

ಹೊಣೆ ಪರಿಹಾರಕ್ಕಷ್ಟೇ ನಿಲ್ಲದಿರಬಹುದು: ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಟ್ಟಡ ಕುಸಿದು 19 ಜನ ಸತ್ತಾಗ ಪೊಲೀಸ್ ಪ್ರಕರಣ ಮಾಲೀಕರ ಜೊತೆಗೆ ಎಂಜಿನಿಯರ್‌ವರೆಗೂ ಹೋಯಿತು.

ನಾಳೆಯಿಂದಲೇ ಸಾರುವೆಗೆ ಒಬ್ಬರೇ ಉಸ್ತುವಾರಿ ಇರಲಿ. ಅವರ ಸಹಿಯಿಲ್ಲದೆ ಯಾರೂ ಹಲಗೆ ಮುಟ್ಟಬಾರದು. ಪೊಲೀಸರಿಂದಾಗಲಿ ಕಾರ್ಮಿಕ ಇಲಾಖೆಯಿಂದಾಗಲಿ ನೋಟಿಸ್ ಬಂದರೆ, ಹೇಳಿಕೆ ಕೊಡುವ ಮೊದಲು ಕಾಗದಗಳೊಂದಿಗೆ ವಕೀಲರನ್ನು ಕಾಣಿ.