ನಾರ್ಮಲ್ ಅಂತ ಬಂದ ರಿಪೋರ್ಟು

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮೊಮ್ಮಗ ಮೊಬೈಲನ್ನು ನನ್ನ ಮುಂದೆ ಹಿಡಿದು, ‘ನೋಡಿ ತಾತ, ಫುಲ್ ಬಾಡಿ ಚೆಕಪ್ ಮಾಡಿಸಿದೆ. ಎಲ್ಲಾ ನಾರ್ಮಲ್’ ಅಂದ. ಅವನಿಗೆ 27 ವರ್ಷ. ದಿನಕ್ಕೆ ಏಳೆಂಟು ಸಿಗರೇಟು ಸೇದುತ್ತಾನೆ. ಇದು ಅವನ ಅಮ್ಮನಿಗೆ ಗೊತ್ತಿಲ್ಲ ಅಂತ ನಂಬಿಕೊಂಡಿರುವುದು ಮನೆಯಲ್ಲಿ ಅವನೊಬ್ಬನೇ.

36 ವರ್ಷ ಒಂದು ಜಿಲ್ಲಾ ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತ ನೋಡಿದವನು ನಾನು. ಕನ್ನಡಕ ಹಾಕಿಕೊಂಡು ಓದಿದೆ. ಹಿಮೋಗ್ಲೋಬಿನ್ 16.9. ಬಿಳಿ ರಕ್ತಕಣ 10,600. ಎರಡೂ ಗೆರೆಯ ಒಳಗೇ ಇದ್ದವು, ಪಕ್ಕದಲ್ಲಿ ಹಸಿರು ಚುಕ್ಕೆ. ಆದರೆ ಎರಡೂ ಗೆರೆಗೆ ಒರಗಿಕೊಂಡು ನಿಂತಿದ್ದವು. ‘ಹಿಮೋಗ್ಲೋಬಿನ್ ಎಷ್ಟು ಚೆನ್ನಾಗಿದೆ ನೋಡಿ’ ಅಂತ ಹುಡುಗ ಹಿಗ್ಗಿದ. ನನಗೆ ಹಿಗ್ಗಲು ಆಗಲಿಲ್ಲ.

ಯಾಕೆ ಅಂತ ಹೇಳುತ್ತೇನೆ, ಕೇಳಿ. ಸಿಗರೇಟಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವುದರಲ್ಲಿ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಒಮ್ಮೆ ಕೂತರೆ ಬೇಗ ಏಳುವುದಿಲ್ಲ. ಸೀಟು ಸಾಲದ ದೇಹ ಇನ್ನಷ್ಟು ಕೆಂಪು ಕಣ ತಯಾರಿಸುತ್ತದೆ. ಹಾಗಾಗಿ ಸೇದುವವರ ಹಿಮೋಗ್ಲೋಬಿನ್ ಎಷ್ಟೋ ಸಲ ಏರಿ ಕೂತಿರುತ್ತದೆ. ಅದು ಪುಷ್ಟಿಯಲ್ಲ, ಉಸಿರಿಗೆ ಬಂದ ಬರ. ನಾನು ಡಾಕ್ಟರಲ್ಲ, ಒಂದು ಅಂಕಿ ನೋಡಿ ರೋಗ ಹೇಳುವವನೂ ಅಲ್ಲ. ಆದರೆ ಇಂಥ ಹಸಿರು ಚುಕ್ಕೆಯನ್ನು ನಂಬಿ ಕೂತವನೊಬ್ಬನನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಯಂತ್ರಗಳಿರಲಿಲ್ಲ. ರಕ್ತವನ್ನು ಗಾಜಿನ ಪಿಪೆಟ್ಟಿನಲ್ಲಿ ಬಾಯಿಂದ ಎಳೆಯುತ್ತಿದ್ದೆವು. ಈಗ ಹೇಳಿದರೆ ಹುಡುಗರು ಮುಖ ಕಿವುಚುತ್ತಾರೆ. ಗಾಜಿನ ಚೌಕದಲ್ಲಿ ರಕ್ತ ಬಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಬಿಳಿ ಕಣಗಳನ್ನು ಒಂದೊಂದಾಗಿ ಎಣಿಸಬೇಕು. ಹೊಸ ದ್ರಾವಣ ಬಂದಾಗಲೆಲ್ಲ ಅದು ಸರಿಯಿದೆಯೇ ಅಂತ ನೋಡಲು ನಾನೂ ನನ್ನ ಜೊತೆಗಾರನೂ ಒಬ್ಬರ ಬೆರಳು ಒಬ್ಬರು ಚುಚ್ಚಿಕೊಳ್ಳುತ್ತಿದ್ದೆವು. ನನ್ನದು ಆರು ಸಾವಿರದ ಆಸುಪಾಸು. ಅವನದು ಹತ್ತು ಸಾವಿರದ ಕೆಳಗೆ ಇಳಿದದ್ದೇ ಇಲ್ಲ. ಜ್ವರವಿಲ್ಲ, ಹುಣ್ಣಿಲ್ಲ. ‘ನಿನಗೆ ಎಣಿಸೋಕೆ ಬರಲ್ಲ ಕಣಯ್ಯಾ’ ಅಂತ ಅವನು, ‘ಪಿಪೆಟ್ಟು ಸರಿಯಿಲ್ಲ’ ಅಂತ ನಾನು. ಅವನ ಜೇಬಿನಲ್ಲಿದ್ದ ಪ್ಯಾಕಿನ ಮೇಲೆ ಇಬ್ಬರಿಗೂ ಅನುಮಾನ ಬರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಆಸ್ಪತ್ರೆ ತಲುಪಲಿಲ್ಲ. ಅವನಿಗೆ 41 ಆಗಿತ್ತು.

ಸೇದುವವರ ಬಿಳಿ ಕಣ ಏರಿರುತ್ತದೆ ಎಂಬುದನ್ನು ಆಮೇಲೆ ಓದಿದೆ. ದಿನಾ ಹೊಗೆ ಹೋದರೆ ಶ್ವಾಸಕೋಶದ ಒಳಗೆ ಸಣ್ಣಗೆ ಬೆಂಕಿ ಹತ್ತಿಕೊಂಡೇ ಇರುತ್ತದೆ. ಅದರ ಸುದ್ದಿ ರಕ್ತದ ಮೂಲಕ ಯಕೃತ್ತಿಗೆ ಮುಟ್ಟುತ್ತದೆ. ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚು ಮಾಡುತ್ತದೆ, ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ನನ್ನೂ ಹೆಚ್ಚಿಸುತ್ತದೆ. ಗಾಯವಾದರೆ ರಕ್ತ ನಿಲ್ಲಲಿ ಅಂತ ಇರುವ ಏರ್ಪಾಡು ಇದು. ಗಾಯವೇ ಇಲ್ಲದೆ ದಿನವೂ ಹೀಗಾದರೆ ಹೆಪ್ಪು ಹೃದಯದ ರಕ್ತನಾಳದೊಳಗೇ ಕಟ್ಟಬಹುದು. ಅದಕ್ಕೇ ಹೊಗೆ ಹೋಗುವುದು ಶ್ವಾಸಕೋಶಕ್ಕಾದರೂ ಎಷ್ಟೋ ಜನ ಹೃದಯಾಘಾತದಲ್ಲಿ ಹೋಗುತ್ತಾರೆ. ವಯಸ್ಸಾದ ಮೇಲೆ ಬರುವ ಕಾಯಿಲೆ ಅಂದುಕೊಳ್ಳಬೇಡಿ. ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾದವರಲ್ಲಿ ಮತ್ತೆ ಮತ್ತೆ ಕಾಣುವ ಕಾರಣ ಈ ಸಿಗರೇಟು ಬೀಡಿಯೇ.

‘ಹಾಗಾದರೆ ಆ ಸಿಆರ್‌ಪಿ ಮಾಡಿಸಲಾ?’ ಅಂದ ಹುಡುಗ. ನಿಮಗೂ ಹಾಗನ್ನಿಸಿರಬಹುದು. ಮಾಡಿಸಬಹುದು. ಈಗಿನ ಸೂಕ್ಷ್ಮ ಪರೀಕ್ಷೆಯಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹೃದಯಕ್ಕೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು ಅನ್ನುತ್ತಾರೆ. ಆದರೆ ನೆಗಡಿಯಾದರೂ, ಹಲ್ಲಿನ ಬುಡ ಕೀವಾದರೂ ಅದು ಏರುತ್ತದೆ. ಟ್ರೋಪೋನಿನ್ ಎಂಬುದನ್ನು ನೀವು ಕೇಳಿರುತ್ತೀರಿ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದ ಮೇಲೆ ರಕ್ತಕ್ಕೆ ಇಳಿಯುವ ವಸ್ತು ಅದು. ಮನೆ ಬಿದ್ದ ಮೇಲೆ ಬರುವ ಮಹಜರಿನ ಹಾಗೆ. ಶ್ವಾಸಕೋಶದಲ್ಲೇ ತಯಾರಾಗಿ ರಕ್ತಕ್ಕೆ ಸೋರುವ ಕೆಲವು ಪ್ರೋಟೀನುಗಳ ಮೇಲೂ ವಿಜ್ಞಾನಿಗಳು ಕಣ್ಣಿಟ್ಟಿದ್ದಾರೆ. ಅವು ಇನ್ನೂ ನಮ್ಮ ಬೀದಿಯ ಲ್ಯಾಬಿಗೆ ಬಂದಿಲ್ಲ. ಶ್ವಾಸಕೋಶ ಎಷ್ಟು ಹಾಳಾಗಿದೆ ಅಂತ ತಿಳಿಯಲು ಇವತ್ತಿಗೂ ನಳಿಕೆಯೊಳಗೆ ಜೋರಾಗಿ ಊದಬೇಕು. ಆ ಊದುವ ಪರೀಕ್ಷೆ, ಸ್ಪೈರೋಮೆಟ್ರಿ, ಸಾಮಾನ್ಯವಾಗಿ ನಿಮ್ಮ ಪ್ಯಾಕೇಜಿನಲ್ಲಿ ಇರುವುದೇ ಇಲ್ಲ. ಇಲ್ಲದ ಪರೀಕ್ಷೆಯಲ್ಲಿ ನೀವು ಪಾಸಾಗಿಲ್ಲ, ನೆನಪಿರಲಿ.

ರಕ್ತದಿಂದ ಮುಚ್ಚಿಡಲಾಗದ್ದು ಒಂದಿದೆ, ಕೊಟಿನಿನ್. ನಿಕೋಟಿನ್ ದೇಹದಲ್ಲಿ ಮಾರ್ಪಾಟಾಗಿ ಉಳಿಯುವುದು ಅದೇ. ಸೇದಿ ಒಂದೆರಡು ದಿನವಾದರೂ ಸಿಗುತ್ತದೆ. ಇನ್ಶೂರೆನ್ಸ್ ಕಂಪನಿಯವರು ಅದನ್ನು ನೋಡಿ ಕಂತು ಏರಿಸುತ್ತಾರೆ. ಏಲಕ್ಕಿ, ಮಿಂಟು ಅಗಿದು ಅಮ್ಮನ ಹತ್ತಿರ ದಾಟಿಕೊಳ್ಳಬಹುದು, ಅಷ್ಟೆ.

‘ನಾನು ಟೀ ಜೊತೆ ದಿನಕ್ಕೆ ಒಂದೇ’ ಅನ್ನುವವರಿಗೂ ಒಂದು ಮಾತು. 2018ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ, ದಿನಕ್ಕೆ 20 ಸೇದುವವನ ಹೃದಯಕ್ಕೆ ಒದಗುವ ಹೆಚ್ಚುವರಿ ಅಪಾಯದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಒಂದೇ ಸೇದುವವನಿಗೂ ಇದೆ. ಇಪ್ಪತ್ತರಲ್ಲಿ ಒಂದು ಪಾಲು ಅಲ್ಲ. ಕಡಿಮೆ ಮಾಡುವುದು ಒಳ್ಳೆಯದೇ, ಆದರೆ ಅಲ್ಲಿಗೇ ನಿಲ್ಲಬೇಡಿ.

ನಿಮ್ಮನ್ನು ಹೆದರಿಸಿ ಕೂರಿಸಲು ನಾನು ಇದನ್ನು ಬರೆಯುತ್ತಿಲ್ಲ. ಬಿಟ್ಟವನ ರಕ್ತ ಎಷ್ಟು ಬೇಗ ತಿಳಿಯಾಗುತ್ತದೆ ಎಂಬುದನ್ನೂ ಲ್ಯಾಬಿನಲ್ಲಿ ಕೂತವನು ನೋಡುತ್ತಾನೆ. ಕಾರ್ಬನ್ ಮೊನಾಕ್ಸೈಡ್ ಒಂದೆರಡು ದಿನದಲ್ಲಿ ಜಾಗ ಖಾಲಿ ಮಾಡುತ್ತದೆ. ಬಿಳಿ ಕಣ ವಾರಗಳಲ್ಲಿ ಇಳಿಯತೊಡಗುತ್ತದೆ. ಸಿಆರ್‌ಪಿ ಮಾತ್ರ ನಿಧಾನ, ವರ್ಷಗಳನ್ನೇ ಕೇಳುತ್ತದೆ. ಹೋದ ಶ್ವಾಸಕೋಶ ಹಿಂದಿರುಗುವುದಿಲ್ಲ, ಆದರೆ ಮುಂದೆ ಸವೆಯುವ ವೇಗ ತಗ್ಗುತ್ತದೆ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು 1951ರಿಂದ 50 ವರ್ಷ 34 ಸಾವಿರಕ್ಕೂ ಹೆಚ್ಚು ಗಂಡಸು ಡಾಕ್ಟರುಗಳನ್ನು ಹಿಂಬಾಲಿಸಿ ಲೆಕ್ಕವಿಟ್ಟರು. ಸೇದುತ್ತಲೇ ಹೋದವರು ಸರಾಸರಿ 10 ವರ್ಷ ಆಯಸ್ಸು ಕಳೆದುಕೊಂಡಿದ್ದರು. 60ರಲ್ಲಿ ಬಿಟ್ಟವರು ಅದರಲ್ಲಿ ಸುಮಾರು 3 ವರ್ಷ ಉಳಿಸಿಕೊಂಡರು, 40ರಲ್ಲಿ ಬಿಟ್ಟವರು 9. ಮೂವತ್ತಕ್ಕೇ ಬಿಟ್ಟವರಿಗೆ ಹೆಚ್ಚು ಕಡಿಮೆ ಪೂರ್ತಿ ಹತ್ತೂ ದಕ್ಕಿತು. ನಿಮ್ಮ ವಯಸ್ಸನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಒಬ್ಬರೇ ಒದ್ದಾಡಬೇಡಿ. ಮೊದಲ ವಾರ ಕೋಪ ಬರುತ್ತದೆ, ನಿದ್ದೆ ಬರುವುದಿಲ್ಲ, ಅದು ನಿಮ್ಮ ದೌರ್ಬಲ್ಯವಲ್ಲ, ನಿಕೋಟಿನ್ನಿನ ಹಠ. 1800-11-2356ಕ್ಕೆ ಕರೆ ಮಾಡಿದರೆ ಸಲಹೆ ಹೇಳುತ್ತಾರೆ, ಕಾಸು ಖರ್ಚಿಲ್ಲ. ಟೀ ಅಂಗಡಿಯಲ್ಲಿ ನಿಂತು ಟೀ ಕುಡಿಯುವ ಅಭ್ಯಾಸವನ್ನು ಒಂದಷ್ಟು ದಿನ ಬಿಡಿ, ಆಫೀಸಿನಲ್ಲೇ ಕುಡಿಯಿರಿ. ಕೈ ಜೇಬಿಗೆ ಹೋಗುವುದು ಹೆಚ್ಚಾಗಿ ಅಲ್ಲೇ.

ನಮ್ಮ ಹುಡುಗ ಅವತ್ತು ಏನೂ ಮಾತು ಕೊಡಲಿಲ್ಲ. ಆಣೆ ಪ್ರಮಾಣ ನಾನೂ ಕೇಳಲಿಲ್ಲ. ಮೊನ್ನೆ ಫೋನು ಮಾಡಿದಾಗ, ಹದಿನೆಂಟು ದಿನವಾಯಿತು ತಾತ ಅಂದ, ಏನು ಅಂತ ಹೇಳಲಿಲ್ಲ, ಪಕ್ಕದಲ್ಲಿ ಯಾರೋ ಇದ್ದರೋ ಏನೋ. ಯುಗಾದಿಗೆ ಬರುತ್ತಾನಂತೆ. ಬರುವ ಮುಂಚೆ ಇನ್ನೊಮ್ಮೆ ರಕ್ತ ಕೊಟ್ಟು ಬಾ, ಆ ದೊಡ್ಡ ಪ್ಯಾಕೇಜು ಬೇಡ, ಬಿಳಿ ಕಣದ ಒಂದು ಸಾಲು ಸಾಕು ಅಂದಿದ್ದೇನೆ.