ಖಾಲಿ ತೋಟಾ ಮತ್ತೆ ತುಂಬಬಹುದೇ? ಕೇಪು ತಿಳಿದರೆ ಉತ್ತರ ತಿಳಿಯುತ್ತೆ

ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ನಮ್ಮ ಬಯಲುಸೀಮೆಯಲ್ಲಿ ಹಂದಿ ಕಾಟ ಶುರು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಬಂದೂಕು ಊರಿಗೆ ಒಂದೆರಡಾದರೂ ಇರುತ್ತವೆ. ನಮ್ಮಲ್ಲೂ ಅಪ್ಪನ ಕಾಲದ ಕೇಪಿನ ಬಂದೂಕಿದೆ, ಈಗ ಲೈಸೆನ್ಸ್ ನನ್ನ ಹೆಸರಿನಲ್ಲಿದೆ. ಮದ್ದು, ಚರೆ, ನಳಿಗೆ ವಿಚಾರ ಎಲ್ಲರೂ ಮಾತಾಡ್ತಾರೆ. ಬೆಂಕಿ ಹಚ್ಚುವ ಕೇಪಿನ ವಿಚಾರ ತಿಳಿದವರು ಕಮ್ಮಿ. 'ಹಾರಿಸಿದ ತೋಟಾದ ಚಿಪ್ಪು ಗಟ್ಟಿಯಾಗೇ ಇದೆಯಲ್ಲ, ಮತ್ತೆ ತುಂಬಿದರೆ ದುಡ್ಡು ಉಳಿಯೋದಿಲ್ಲವೇ?' ಎಂದು ಕೇಳುವವರೂ ಇದ್ದಾರೆ. ಅವರಿಗಾಗಿ ಈ ನಾಲ್ಕು ಮಾತು.

ಕೇಪಿನ ಕೆಲಸ

ಬೆಂಕಿಕಡ್ಡಿ ಉಜ್ಜಿದರೆ ಹೊತ್ತುತ್ತೆ, ಕೇಪಿನೊಳಗಿನ ಮಸಾಲೆ ಬಡಿದರೆ ಹೊತ್ತುತ್ತೆ. ಆ ಕಿಡಿ ಒಳಗಿನ ಮದ್ದಿಗೆ ತಾಗುತ್ತೆ. ಪೆಟ್ಟಿಗೆ ಹೊತ್ತುವ ಮಸಾಲೆಯನ್ನು ಬಂದೂಕಿಗೆ ಬಳಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ತಾಮ್ರದ ಟೋಪಿಯಂಥ ಕೇಪು ಅದಾದ ಮೇಲೆ ಬಂತು.

ಬಗೆಗಳು

1. ಬಿಡಿ ಕೇಪು: ನಮ್ಮ ಕೇಪಿನ ಬಂದೂಕಿನದು. ನಳಿಗೆಯ ಹಿಂಬದಿಯ ತೂತಿರುವ ಮೊಳೆಯ ಮೇಲೆ ಕೂರಿಸುವುದು. ಒಂದು ಸಲಕ್ಕೆ ಒಂದು, ಮತ್ತೆ ಬಳಸುವ ಮಾತೇ ಇಲ್ಲ.

2. ಬಾಕ್ಸರ್ ಕೇಪು: ರೈಫಲ್, ಪಿಸ್ತೂಲಿನ ಹಿತ್ತಾಳೆ ತೋಟಾದ ಬುಡದಲ್ಲಿರುತ್ತೆ. ಮಸಾಲೆಯ ಪೆಟ್ಟು ತಡೆಯುವ ಪುಟ್ಟ ಅಡಿಗಲ್ಲು ಕೇಪಿನೊಳಗೇ ಇದೆ. ಚಿಪ್ಪಿನ ನಡುವೆ ಒಂದೇ ತೂತು. ಒಳಗಿಂದ ಕಡ್ಡಿ ನೂಕಿದರೆ ಹಳೆ ಕೇಪು ಹೊರಬೀಳುತ್ತೆ. ಮರುತುಂಬಲು ಸುಲಭದ್ದು ಇದೇ.

3. ಬರ್ಡನ್ ಕೇಪು: ಇದರ ಅಡಿಗಲ್ಲು ಚಿಪ್ಪಿನ ಭಾಗವೇ ಆಗಿದೆ. ತೂತು ಸಾಮಾನ್ಯವಾಗಿ ಎರಡು, ಅದೂ ಬದಿಯಲ್ಲಿ. ಕಡ್ಡಿ ನೂಕಲು ದಾರಿಯಿಲ್ಲ. ಮರುತುಂಬುವವರು ಇದನ್ನು ದೂರವಿಡ್ತಾರೆ. ಬಾಕ್ಸರ್ ಇಂಗ್ಲೆಂಡಿನವರು, ಬರ್ಡನ್ ಅಮೆರಿಕದವರು, ಇಬ್ಬರದೂ 1866ರ ಸುಮಾರಿನ ಕೆಲಸ. ತಮಾಷೆ ನೋಡಿ, ಇಂಗ್ಲಿಷರ ಕೇಪು ಅಮೆರಿಕದಲ್ಲಿ ನೆಲೆಯಾಯಿತು, ಅಮೆರಿಕದವರದು ಯೂರೋಪಿನಲ್ಲಿ.

4. ಚರೆ ತೋಟಾದ ಕೇಪು: ಹನ್ನೆರಡು ಬೋರಿನ ತೋಟಾದಲ್ಲಿ ಬಹುಪಾಲು 209 ಎಂಬ ನಮೂನೆಯದು. ಅಡಿಗಲ್ಲು ಸಮೇತ ಪುಟ್ಟ ಬಟ್ಟಲಲ್ಲಿ ಕೂತಿರುತ್ತೆ. ಇದೂ ಸಲೀಸಾಗಿ ಕಳಚುತ್ತೆ.

ಕಳಚಿದರೆ ಸಾಕೇ?

ಇಲ್ಲೇ ಎಡವೋದು. 209 ಎಂದು ಬರೆದಿದ್ದರೂ ಎಲ್ಲ ಕಂಪೆನಿಯ ಕೇಪಿನ ಬಿರುಸು ಒಂದೇ ಅಲ್ಲ. ಮದ್ದು ಅಷ್ಟೇ, ಚರೆ ಅಷ್ಟೇ ಇದ್ದು ಕೇಪು ಮಾತ್ರ ಬದಲಾದರೂ ನಳಿಗೆಯೊಳಗಿನ ಒತ್ತಡ ಏರಬಹುದು. ಮರುತುಂಬಲು ಕಾನೂನು ಬಿಟ್ಟಿರುವ ಅಮೆರಿಕದಂಥ ದೇಶದಲ್ಲೂ ಇಂಥ ಚಿಪ್ಪಿಗೆ ಇಂಥದೇ ಕೇಪು, ಇಂಥದೇ ಮದ್ದು ಎಂದು ಅಳೆದು ನೋಡಿದ ಪಟ್ಟಿ ಹಿಡಿದೇ ತುಂಬ್ತಾರೆ. ಅಂದಾಜಿಗೆ ತುಂಬಿದ ತೋಟಾ ನಳಿಗೆ ಸೀಳಿದರೆ ಮೊದಲು ಹೋಗೋದು ಹಂದಿಯಲ್ಲ, ನಮ್ಮ ಬೆರಳು, ಕಣ್ಣು.

ಚಿಪ್ಪೂ ಹೊಸದರಂತೆ ಇರೋದಿಲ್ಲ. ಕಾಗದದ ಚಿಪ್ಪು ತೇವ ಹೀರುತ್ತೆ, ಪ್ಲಾಸ್ಟಿಕ್ಕಿನದು ಬಾಯಿ ಸೀಳುತ್ತೆ. ಪಾದರಸ ಬೆರೆತ ಹಳೇ ಕಾಲದ ಕೇಪು ಸಿಡಿದರೆ ಪಾದರಸ ಹಿತ್ತಾಳೆಯೊಳಗೆ ಸೇರಿ ಚಿಪ್ಪು ಪೆಡಸಾಗುತ್ತೆ. ಕಣ್ಣಿಗೆ ಕಾಣದು.

ಕಾನೂನು ಅದಕ್ಕಿಂತ ಮೊದಲು. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ತೋಟಾ ತಯಾರಿಕೆಗೆ ಬೇರೆಯೇ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ತಯಾರಿಸುವ ಲೈಸೆನ್ಸ್ ಅಲ್ಲ. ಇನ್ನು ಹಂದಿಗೆ ಗುರಿ ಇಡುವುದಕ್ಕೆ 1972ರ ವನ್ಯಜೀವಿ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಆದ್ದರಿಂದ ಉತ್ತರ ಸರಳ: ಖಾಲಿ ಚಿಪ್ಪು ತುಂಬಬೇಡಿ. ಉಳಿಯುವ ದುಡ್ಡು ಒಂದು ಆಸ್ಪತ್ರೆ ಚೀಟಿಗೂ ಸಾಲದು.

ನಾವು ಮಾಡಬಹುದಾದ್ದು

* ಕೇಪು, ತೋಟಾ ಒಣ ಡಬ್ಬಿಯಲ್ಲಿ ಬೀಗ ಹಾಕಿಡಿ. ಒಲೆ ಹತ್ತಿರ ಬೇಡ, ಮಕ್ಕಳ ಕೈಗೆ ಸಿಗೋದಂತೂ ಬೇಡವೇ ಬೇಡ. ಬಿಡಿ ಕೇಪನ್ನು ಜೇಬಿನಲ್ಲಿ ಚಿಲ್ಲರೆ ಕಾಸಿನ ಜೊತೆ ಹಾಕಬೇಡಿ.
* ಕೇಪಿನ ಬಂದೂಕಿಗೆ ಕೇಪು ಇಡುವುದು ಕಡೇ ಕೆಲಸ. ಕೇಪು ತೆಗೆದ ಮಾತ್ರಕ್ಕೆ ಬಂದೂಕು ಖಾಲಿಯಾಗಲಿಲ್ಲ, ನಳಿಗೆಯಲ್ಲಿ ಮದ್ದು ಇದ್ದೇ ಇರುತ್ತೆ.
* ಹಾರದಿದ್ದರೆ ನಳಿಗೆ ಬಗ್ಗಿ ನೋಡಬೇಡಿ. ಯಾರೂ ಇಲ್ಲದ ಕಡೆ ಗುರಿ ಹಿಡಿದೇ ಕನಿಷ್ಠ ಒಂದು ನಿಮಿಷ ಕಾಯಿರಿ. ಕಿಡಿ ತಡವಾಗಿ ತಾಗುವುದುಂಟು.
* ಹಾರದ ಕೇಪನ್ನು ಮೊಳೆ, ಚಾಕುವಿನಿಂದ ಕೀಳಬೇಡಿ. ಹಾರದ ತೋಟಾವನ್ನು ಲೈಸೆನ್ಸ್ ಇರುವ ಅಂಗಡಿಯವರಿಗೆ ತೋರಿಸಿ.
* ಕೆಲವು ಹಳೇ ನಮೂನೆಯ ಕೇಪು ನಳಿಗೆಯಲ್ಲಿ ಉಪ್ಪು ಬಿಡುತ್ತೆ. ಎಣ್ಣೆಗೆ ಅದು ಕರಗದು. ನಳಿಗೆ ಪೂರ್ತಿ ಖಾಲಿ ಎಂದು ಖಾತ್ರಿ ಮಾಡಿಕೊಂಡು ಬಿಸಿನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಿ.

ಜೋಳದ ಕಾಳಿನಷ್ಟಿರುವ ವಸ್ತುವಿಗೆ ಇಷ್ಟು ಪಾಠವೇ ಎನ್ನಬೇಡಿ. ಬೆಳೆ ಹೋದರೆ ಮುಂದಿನ ಮುಂಗಾರಿಗೆ ಬಿತ್ತಬಹುದು. ಕೈ ಹೋದರೆ ಬಿತ್ತುವವರು ಯಾರು?